ಬಲಕ್ಕೆ ತಿರುಗಿದ ಕೊಕ್ಕು

ದೊಡ್ಡಪ್ಪನ ಕಾರ್ಖಾನೆಯಲ್ಲಿ ಟೈಲ್ಸ್ ಮೇಲೆ ಹಕ್ಕಿ ಬರೆಯುತ್ತಿದ್ದವಳು ನನ್ನಮ್ಮ. ಹದಿನೆಂಟು ವರ್ಷ ಬರೆದಳು. ಟೈಲ್ಸ್ ಸುಡುವ ಒಲೆಗೆ ಹೋಗುವ ಮೊದಲು ಮೂಲೆಯಲ್ಲಿ ಬೀಳುತ್ತಿದ್ದ ರುಜು ಮಾತ್ರ ದೊಡ್ಡಪ್ಪನದು. ನೆನೆದರೆ ನನಗೆ ಮೈ ಉರಿಯುತ್ತದೆ. ಅಮ್ಮ ಮಾತ್ರ "ಹೋಗ್ಲಿ ಬಿಡೇ" ಎನ್ನುತ್ತಿದ್ದಳು.

ಆ ದಿನ ಸ್ಪ್ಯಾನಿಷ್ ಮಾತಾಡುವ ಹೆಂಗಸೊಬ್ಬಳು ಟೈಲ್ಸ್ ಕೊಳ್ಳಲು ಬಂದಳು. ನಾನು ಎರಡು ವರ್ಷ ಆ ಭಾಷೆ ಕಲಿತಿದ್ದೆನಲ್ಲ, ದುಭಾಷಿಯ ಕೆಲಸ ನನ್ನ ತಲೆಗೆ ಬಿತ್ತು. ಚಿತ್ರ ಬರೆದವರ ಹೆಸರನ್ನು ತನ್ನ ಅಂಗಡಿಯ ಮಾದರಿ ಪುಸ್ತಕದಲ್ಲಿ ಅಚ್ಚು ಹಾಕಿಸುತ್ತೇನೆ ಎಂದಳು. ಮೂಲೆಯ ಕನ್ನಡ ರುಜು ಓದಲು ಬಾರದೆ, ಈ ಹಕ್ಕಿಗಳು ಯಾರ ಚಿತ್ರ ಎಂದು ಕೇಳಿದಳು.

"ನಂದು ಅಂತ ಹೇಳು," ಎಂದರು ದೊಡ್ಡಪ್ಪ.

ಸ್ಪ್ಯಾನಿಷ್‌ನಲ್ಲಿ 'ಸು' ಎಂಬ ಪುಟ್ಟ ಪದವಿದೆ. ಅವನ, ಅವಳ, ಅವರ, ನಿಮ್ಮ, ಎಲ್ಲಕ್ಕೂ ಅದೇ. ಅದನ್ನು ಗೊಣಗಿ ನುಣುಚಿಕೊಳ್ಳಬಹುದಿತ್ತು. ಅನುಮಾನ ಬರುವ ಕಡೆ ಯಾರದೆಂದು ಬಿಡಿಸಿ ಹೇಳಿ ಎಂದು ನಮ್ಮ ಟೀಚರು ಬಡಕೊಂಡಿದ್ದರು. ನಾನು ಬಿಡಿಸಿಯೇ ಹೇಳಿದೆ. "ದೆ ಎಯ್ಯಾ." ಅವಳದು. ಹಿಂದೆ ಕುಂಚ ತೊಳೆಯುತ್ತಿದ್ದ ಅಮ್ಮನ ಕಡೆ ಬೆರಳನ್ನೂ ತೋರಿಸಿದೆ.

ಭಾಷೆ ಬಾರದಿದ್ದರೂ ದೊಡ್ಡಪ್ಪನಿಗೆ ಬೆರಳು ಅರ್ಥವಾಯಿತು. "ಏನೇ ಒದರಿದೆ? ನಾಳೆಯಿಂದ ನಿಮ್ಮಮ್ಮ ಇಲ್ಲಿ ಕಾಲಿಡೋ ಹಾಗಿಲ್ಲ!" ಎಂದವರೇ ಹೆಂಗಸಿನತ್ತ ಹಲ್ಲು ಕಿರಿದು ತಮ್ಮ ಎದೆ ತಟ್ಟಿಕೊಂಡರು.

ಆಕೆ ಒಂದು ಬಿಳಿ ಟೈಲನ್ನೂ ಕುಂಚವನ್ನೂ ಅವರ ಮುಂದಿಟ್ಟಳು. ದೊಡ್ಡಪ್ಪ ಬೆವರು ಒರೆಸಿಕೊಂಡು ಬಲಗೈಯಲ್ಲಿ ಬರೆದರು. ಸುಳ್ಳೇಕೆ, ಹಕ್ಕಿಯ ಹಾಗೇ ಇತ್ತು. ಆದರೆ ಅದರ ಕೊಕ್ಕು ಎಡಕ್ಕಿತ್ತು. ಗೋಡೆಯ ಮೇಲಿದ್ದ ನಲವತ್ತು ಹಕ್ಕಿಗಳೂ ಬಲಕ್ಕೆ ನೋಡುತ್ತಿದ್ದವು.

ಅಮ್ಮ ಕೈ ಒರೆಸಿಕೊಂಡು ಬಂದಳು. ಅವಳು ಎಡಚಿ; ಎಡಗೈಯವರು ಬರೆದ ಮುಖ ಸಾಮಾನ್ಯವಾಗಿ ಬಲಕ್ಕೇ ತಿರುಗುತ್ತದೆ. ಎಡಗೈಯಲ್ಲಿ ಕುಂಚ ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಟೈಲಿನ ಮೇಲೆ ಹಕ್ಕಿ ಬರೆದಳು. ಕೊಕ್ಕು ಬಲಕ್ಕೆ.

"ನಂದು ಅನ್ನೋಕೆ ಅವರ ಭಾಷೇಲಿ ಏನಂತಾರೆ?" ಎಂದು ನನ್ನನ್ನು ಕೇಳಿದಳು.

"ಮೀಓ."

ಅಮ್ಮ ಗೋಡೆಯ ಹತ್ತಿರ ಹೋಗಿ ಒಂದೊಂದೇ ಟೈಲಿನ ಮೇಲೆ ಬೆರಳಿಟ್ಟಳು. "ಮೀಓ. ಮೀಓ. ಮೀಓ." ನಲವತ್ತನ್ನೂ ಬಿಡಲಿಲ್ಲ. ಆ ಹೆಂಗಸು ಪೆನ್ನು ತೆಗೆದು ಅಮ್ಮನ ಹೆಸರು ಕೇಳಿದಳು. ನಾನು ಅಕ್ಷರ ಬಿಡಿಸಿ ಬಿಡಿಸಿ ಬರೆಸಿದೆ.

ಅಮ್ಮ ತನ್ನ ಕುಂಚಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡಳು. ಎಡಕ್ಕೆ ನೋಡುವ ಹಕ್ಕಿಯನ್ನು ಮಾತ್ರ ದೊಡ್ಡಪ್ಪನ ಕಡೆ ಸರಿಸಿದಳು.

"ಇದು ನಿಮ್ದು ಭಾವ. ರುಜು ಹಾಕ್ಕೊಳ್ಳಿ."