ಪೂಜೆಗಿಟ್ಟ ತವರದ ಗಟ್ಟಿ

ಹುಮನಾಬಾದಿನ ನಮ್ಮ ಕಾರ್ಖಾನೆಯಲ್ಲಿ ಬೆಸುಗೆ ತಂತಿ ತಯಾರಾಗುತ್ತದೆ. ಅದಕ್ಕೆ ಬಳಸುವ ತವರದ ಅದಿರನ್ನು ಯಾವ ಕಂಪನಿ ಕರಗಿಸಿ ಗಟ್ಟಿ ಮಾಡಿತು ಎಂದು ತಂತಿ ಕೊಳ್ಳುವವರಿಗೆ ವರ್ಷಕ್ಕೊಮ್ಮೆ ಬರೆದುಕೊಡಬೇಕು. ಕೆಲವು ದೇಶಗಳಲ್ಲಿ ಬಂದೂಕು ಹಿಡಿದವರೇ ಗಣಿ ನಡೆಸುತ್ತಾರಂತೆ, ಆ ಮಾಲು ಕೊಳ್ಳುವವರಿಗೆ ಬೇಡ. ಬರೆಯುವವಳು ನಾನು, ರೂಪಾಲಿ. ಈ ಸಲ ಮಾಲೀಕ ವೈಜನಾಥರು ಹೋದ ವರ್ಷದ ಪಟ್ಟಿಯ ಮೂರು ಕಂಪನಿಗಳ ಹೆಸರನ್ನೇ ಬರೆದಿಳಿಸಿಬಿಡು ಎಂದರು. ನಡುವೆ ತವರ ಕೊಡುವ ವ್ಯಾಪಾರಿ ಬದಲಾದದ್ದು ಇಬ್ಬರಿಗೂ ಗೊತ್ತಿತ್ತು. ಆದರೂ ಇಳಿಸಿದೆ, ಕೆಳಗೆ ಸಹಿಯನ್ನೂ ಹಾಕಿದೆ. ನನ್ನಂಥ ಜಾಣೆ ಊರಲ್ಲಿಲ್ಲ.

ಪಟ್ಟಿ ತಪಾಸಣೆಗೆ ಕೊಳ್ಳುವವರ ಕಡೆಯಿಂದ ವಹೀದಾ ಮೇಡಂ ಬರುತ್ತಾರೆ ಎಂದು ತಿಳಿದಾಗ ವೈಜನಾಥರು ನಕ್ಕರು. ಹೊಸ ಮಾಲೆಲ್ಲ ಕರಗಿ ತಂತಿಯಾಗಿತ್ತು. ಗಟ್ಟಿಯೇ ಇಲ್ಲದ ಮೇಲೆ ಅದರ ಮೇಲೆ ಕರಗಿಸಿದ ಕಂಪನಿ ಒತ್ತಿದ ಹೆಸರಿನ ಮುದ್ರೆ ಯಾರು ಓದುತ್ತಾರೆ ಎಂಬುದು ಅವರ ಧೈರ್ಯ.

ತಪಾಸಣೆಯ ದಿನ ಬಸವಕಲ್ಯಾಣದ ಮನೆಯಿಂದ ಬಸ್ಸಿನಲ್ಲಿ ಬರುವಾಗ ನನಗೆ ಒಂದು ಸಂಗತಿ ನೆನಪಾಯಿತು. ತವರ ಕರಗಿಸುವ ಭಟ್ಟಿಯ ಕೆಲಸದ ಬಸವಣಪ್ಪ ಕಾಕಾ ಪ್ರತಿ ಲಾರಿಯ ಮೊದಲ ಗಟ್ಟಿಯನ್ನು ಕರಗಿಸುವುದಿಲ್ಲ. ಭಟ್ಟಿ ಪಕ್ಕದ ದೇವರ ಗೂಡಿನಲ್ಲಿಟ್ಟು, ಮುಂದಿನ ಲಾರಿ ಬರುವವರೆಗೆ ದಿನವೂ ಒರೆಸಿ ವಿಭೂತಿ ಹಚ್ಚುತ್ತಾರೆ.

ಬಸ್ಸಿಳಿದು ನೇರ ಭಟ್ಟಿಗೆ ಓಡಿದೆ. ಗಟ್ಟಿ ಅಲ್ಲೇ ಇತ್ತು. ಕಾರಣ ಹೇಳದೆ ತೆಗೆದಿಡಿ ಎಂದಷ್ಟೇ ಬೇಡಿಕೊಂಡೆ.

"ಪೂಜಿ ಮಾಡಾಕತ್ತೇನಿ ತಂಗಿ, ನಡುವ ಹ್ಯಾಂಗ ಎತ್ತಲಿ?" ಎಂದರು ಕಾಕಾ.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು. ವಿಭೂತಿ ಮುದ್ರೆಯನ್ನು ಮುಚ್ಚಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತಿರ ಹೋಗಿ ನೋಡುವ ಧೈರ್ಯವಾಗಲಿಲ್ಲ.

ಮೇಡಂ ಗೋದಾಮು ನೋಡಿದರು, ತಂತಿ ನೋಡಿದರು. ವೈಜನಾಥರೂ ನಾನೂ ಅವರ ಹಿಂದೆ ನಡೆದೆವು. ಕೆಲಸ ಹೋಗುತ್ತದೆಯೋ, ಪೊಲೀಸರೇ ಬರುತ್ತಾರೋ ಎಂಬ ಭಯ ನನಗೆ. ಭಟ್ಟಿಯ ಬಳಿ ಅವರು ಚಪ್ಪಲಿ ಬಿಟ್ಟು ದೇವರ ಗೂಡಿನ ಮುಂದೆ ನಿಂತರು. ನಾನೂ ಆಗಲೇ ನೋಡಿದ್ದು. ಕಾಕಾ ಒರೆಸಿದ್ದರಿಂದ ಗಟ್ಟಿಯ ಮೇಲಿನ ವಿಭೂತಿ ಹೋಗಿತ್ತು. ಮುದ್ರೆಯ ತಗ್ಗಿನಲ್ಲಿ ಮಾತ್ರ ಕೂತು, ಒಂದೊಂದು ಅಕ್ಷರವೂ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಮೇಡಂ ಓದಿದರು. ಕೈಯಲ್ಲಿದ್ದ ಪಟ್ಟಿಯನ್ನು ಎರಡು ಸಲ ನೋಡಿದರು.

"ಈ ಹೆಸರು ಇದರಾಗ ಇಲ್ಲಲ್ರಿ. ಪಟ್ಟಿ ಯಾರು ಬರದಾರ?"

ನಾನು ವೈಜನಾಥರತ್ತ ನೋಡಿದೆ. ಅವರು ನನ್ನತ್ತ ನೋಡದೆ ಮೇಡಂಗೆ ಹೇಳಿದರು:

"ಈಕಿನೇ ಬರದಾಳ್ರಿ. ಸಹಿನೂ ಈಕಿದೇ ಅದ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.