ನಲವತ್ತೊಂದನೇ ಹಕ್ಕಿ

ಫ್ರೆಂಚ್ ಕಲಿತ ಅಕ್ಕನ ಮಗಳಿಗೆ ಮ್ಯೂಸಿಯಮ್ಮಿನಲ್ಲಿ ಕೆಲಸ ಕೊಡಿಸಿದ್ದು ಸೋದರಮಾವನೇ. ಆತ ಅಲ್ಲಿ ಮೂವತ್ತು ವರ್ಷದಿಂದ ಬೋರ್ಡು, ಹೆಸರಿನ ಚೀಟಿ ಬರೆಯುವ ಪೇಂಟರ್. ಅವಳ ಕೆಲಸ, ಇನ್ನೂರು ವರ್ಷ ಹಳೆಯ ಫ್ರೆಂಚ್ ಪಟ್ಟಿಯ ಹಕ್ಕಿಗಳಿಗೆ ಇವತ್ತಿನ ಇಂಗ್ಲಿಷ್ ಹೆಸರು ಹುಡುಕುವುದು. ಹಕ್ಕಿಯನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಕೊಕ್ಕು ಕಾಲು ನೋಡಿಯೇ ಹೆಸರು ಬರೆಯಬೇಕು. ತಿಳಿಯದಿದ್ದರೆ ಇಂಟು ಮಾರ್ಕು ಹಾಕಬೇಕು. ಅಲ್ಲಿಯ ಪದ್ಧತಿ ಅದು.

ಇಂಟು ಮಾರ್ಕು ಹಾಕಲು ಜಂಬ ಬಿಡಬೇಕಲ್ಲ! ನಲವತ್ತೊಂದನೇ ಹೆಸರು ಯಾವ ನಿಘಂಟಿನಲ್ಲೂ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರಿನ ಪಕ್ಕ, ನೀರಿನ ಬಳಿ ಇರುತ್ತದೆ, ಮೀನು ತಿನ್ನುತ್ತದೆ ಎಂದಷ್ಟೇ ಇತ್ತು. ಇನ್ನೇನು, ಬಕವೇ ಇರಬೇಕು ಎಂದು ಮಹಾರಾಯಿತಿ, ಮನೆಯ ಕುರ್ಚಿಯಿಂದ ಏಳದೆ, 'ಹೆರಾನ್' ಎಂದು ಗೀಚಿ ಕೈತೊಳೆದುಕೊಂಡಳು. ಮಾವನಿಗೆ ಇಂಗ್ಲಿಷ್ ಬಾರದು. ಚಿತ್ರ ಬಿಡಿಸುವಂತೆ ಒಂದೊಂದೇ ಅಕ್ಷರ ನೋಡಿಕೊಂಡು ಚೀಟಿ ಬರೆದ.

ಪ್ರದರ್ಶನದ ಮೊದಲ ದಿನವೇ, ಮುಷ್ಟಿಗಾತ್ರದ ಮಿಂಚುಳ್ಳಿಯ ಕೆಳಗೆ ಬಕದ ಹೆಸರು ಓದಿ ಶಾಲೆಯ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮ್ಯೂಸಿಯಮ್ಮಿನ ಮುಖ್ಯಸ್ಥರು ಇಬ್ಬರನ್ನೂ ಕೋಣೆಗೆ ಕರೆದು, ಇದು ಯಾರ ತಪ್ಪು ಎಂದರು. ಮಾವ ಒಂದು ಹೆಜ್ಜೆ ಮುಂದೆ ಬಂದ.

"ನಂದೇ ಸಾರ್. ಕಣ್ಣು ಮಂಜಾಗಿದೆ, ಪಟ್ಟೀಲಿ ಸಾಲು ತಪ್ಪಿಬಿಟ್ಟೆ."

ಹಾಗಾದರೆ ಇನ್ನು ಮೇಲೆ ಚೀಟಿಗಳನ್ನು ಬೇರೆಯವರು ಬರೆಯಲಿ ಎಂದರು ಮುಖ್ಯಸ್ಥರು. ಮೂವತ್ತು ವರ್ಷದ ಕೆಲಸ ಒಂದೇ ಮಾತಿಗೆ ಹೋಯಿತು. ಅವಳು ನೆಲ ನೋಡುತ್ತ ಕಂಬದ ಹಾಗೆ ನಿಂತೇ ಇದ್ದಳು.

ಹೊರಗೆ ಮಾವ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಹತ್ತಿರ ಬಂದವಳಿಗೆ ಒಂದು ಬೈಗುಳವೂ ಇಲ್ಲ. "ನಿಂದು ಮೊದಲ್ನೇ ಕೆಲಸ ಕಣಮ್ಮ. ಇನ್ಮೇಲೆ ಹಕ್ಕಿ ನೋಡಿ ಬರಿ," ಎಂದ. ಅಂದರೆ ಎಲ್ಲ ಗೊತ್ತಿದ್ದೇ ತಲೆಕೊಟ್ಟಿದ್ದಾನೆ. ನಾಲ್ಕು ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ನಾಚಿಕೆಯಿಂದ ಅವಳ ಮೈಯೆಲ್ಲ ಹಿಡಿಯಾಯಿತು.

ಪಟ್ಟಿಯನ್ನು ಎತ್ತಿಕೊಂಡು ಮತ್ತೆ ಮುಖ್ಯಸ್ಥರ ಕೋಣೆಗೆ ಹೋದಳು. ನಲವತ್ತೊಂದನೇ ಸಾಲಿನಲ್ಲಿ ತಾನು ಗೀಚಿದ್ದ 'ಹೆರಾನ್' ಮೇಲೆ ಬೆರಳಿಟ್ಟಳು.

"ಮಾವನ ಕಣ್ಣು ಚೆನ್ನಾಗೇ ಇದೆ ಸರ್. ಹಕ್ಕೀನ ನೋಡದೆ ಬರೆದೋಳು ನಾನು."

ಅವರು ಸಾಲನ್ನು ಓದಿದರು. ಚೀಟಿ ಕೆಲಸ ಮಾವನಿಗೇ ಇರಲಿ, ಈಗಲೇ ಹೋಗಿ ಹೇಳಿ ಎಂದರು. ಅವಳು ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೇಳಿದರು.

"ನಿಮ್ಮ ಮಾವ ತಪ್ಪು ಒಪ್ಕೊಂಡಾಗ ನೀವೂ ಇಲ್ಲೇ ನಿಂತಿದ್ರಲ್ಲ?"

ಹೌದು ಸರ್, ಅಂದಳು. ಆಮೇಲೆ ಬಾಗಿಲು ತೆರೆದು ಮಾವನ ಕಡೆ ನಡೆದಳು.