ರೆಕ್ಸಿನ್ ಕೋಟಿನ ರವಣಪ್ಪ

ವೈಶಾಖದ ಬಿಸಿಲಿಗೆ ಶಿಡ್ಲಘಟ್ಟದ ಬಸ್ ನಿಲ್ದಾಣದ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿದ್ದ ದಿನಗಳಲ್ಲೂ ಕಪ್ಪು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಬಿಗಿದುಕೊಂಡು ಓಡಾಡುತ್ತಿದ್ದ ಮನುಷ್ಯ ಆ ಸೀಮೆಗೆಲ್ಲ ಒಬ್ಬನೇ ಇದ್ದ, ಅವನೇ ವೆಂಕಟರವಣಪ್ಪ. ವಿಲಾಯತಿಯ ಹಾರ್ಡ್ ರಾಕ್ ಹಾಡುಗಾರರು ಚರ್ಮದ ಕೋಟು ತೊಡುತ್ತಾರೆಂಬುದನ್ನು ಯಾವುದೋ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಕಂಡಿದ್ದನಂತೆ. ಚರ್ಮಕ್ಕೆ ಎಲ್ಲಿಗೆ ಹೋಗುವುದು? ಚಿಂತಾಮಣಿಯಲ್ಲಿ ಬಸ್ಸಿನ ಸೀಟು ಹೊಲಿಯುವವನ ಮುಂದೆ ಕುಳಿತು, ಅಳಿದುಳಿದ ರೆಕ್ಸಿನ್ನಿನಲ್ಲೇ ಕೋಟು ಹೊಲಿಸಿಕೊಂಡು ಬಂದ. ಹೊಲಿದವನಿಗೆ ಕೈಗೆ ಬಂದ ವಿದ್ಯೆ ಒಂದೇ ಆದ್ದರಿಂದ ಬೆನ್ನಿನ ಮೇಲೆ ಸೀಟಿಗಿರುವಂಥ ಉದ್ದುದ್ದ ಗೆರೆಗಳೇ ಬಿದ್ದವು. "ಏನ್ ರವಣಪ್ಪ, ನಮ್ ಸೀಟು ನೀನು ಹಾಕ್ಕಂಡು ನಮ್ ಬಸ್ಸಲ್ಲೇ ನಿಂತ್ಕಂಡು ಹೋಗ್ತೀಯಲ್ಲಪ್ಪ!" ಎಂದು ಕಂಡಕ್ಟರುಗಳು ಕಿಚಾಯಿಸುತ್ತಿದ್ದರು. ಅವನು ಬೆವರು ಒರೆಸಿಕೊಂಡು ನಗುತ್ತಿದ್ದ.

ಆಳು ತೆಳ್ಳಗೆ, ಉದ್ದಕ್ಕೆ. ಗಿಟಾರಿನ ಪಟ್ಟಿ ಹೊತ್ತು ಹೊತ್ತು ಎಡಭುಜ ಇಳಿದುಹೋಗಿ, ಖಾಲಿ ಕೈಯಲ್ಲಿ ಬರುವಾಗಲೂ ಏನನ್ನೋ ಹೊತ್ತು ತರುತ್ತಿದ್ದಾನೆ ಎನಿಸುವಂತಿತ್ತು ಆ ನಡಿಗೆ. ಯಾರು ಏನೇ ಅಂದರೂ "ಇರ್ಲಿ ಬುಡಪ್ಪ" ಎನ್ನುವುದು ಅವನ ಮಾತಿನ ಪಲ್ಲವಿ. ಬೈದರೂ ಅದೇ, ಹೊಗಳಿದರೂ ಅದೇ. ಇಂಥ ಸಾಧುಪ್ರಾಣಿ ವೇದಿಕೆ ಹತ್ತಿ ಬಾಯಿ ತೆರೆದನೆಂದರೆ ಮಾತ್ರ, ಅಬ್ಬಾ, ಮುಂದಿನ ಸಾಲಿನ ಮುದುಕರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ತೊಡೆಯ ಮೇಲಿನ ಮಕ್ಕಳು ಎದ್ದು ಅಳುತ್ತಿದ್ದವು.

ಅವನ ತಂಡದ ಹೆಸರು 'ದುರ್ಗ'. ಎಂಬತ್ತೊಂದರಲ್ಲಿ ಕಾಲೇಜು ಮುಗಿಸಿದ ನಾಲ್ವರು ಗೆಳೆಯರು ಊರೊಳಗೆ ಯಾರೂ ತಾಳಿಕೊಳ್ಳದ ಗದ್ದಲವನ್ನು ಅಂಬಾಜಿದುರ್ಗ ಬೆಟ್ಟದ ಇಳಿಜಾರಿನಲ್ಲಿ ಕುಳಿತು ಅಭ್ಯಾಸ ಮಾಡಿದ್ದರಿಂದ ಬಂದ ಹೆಸರದು. ಡ್ರಮ್ಮು ಬಾರಿಸುವವನು ಬಯ್ಯಪ್ಪ; ಶಿಡ್ಲಘಟ್ಟದಲ್ಲಿ ಅವನಿಗೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಚಿಕ್ಕದೊಂದು ಶೆಡ್ಡಿತ್ತು. ಮುಂದೆ ಅಭ್ಯಾಸವೆಲ್ಲ ಆ ಶೆಡ್ಡಿನಲ್ಲೇ, ಕೆಲಸದವರು ಹೋದ ಮೇಲೆ, ಬೆಂದ ಹುಳುವಿನ ವಾಸನೆಯ ನಡುವೆ. ಕರೆಸಿಕೊಳ್ಳುವವರಿಗೆ ಬೇಕಾದದ್ದು ಸಿನಿಮಾ ಹಾಡು. ಅದನ್ನೆಲ್ಲ ಹಾಡಿ ಮುಗಿಸಿ, ಜನ ಎದ್ದು ಪಂಚೆ ಕೊಡವಿಕೊಳ್ಳುವ ಹೊತ್ತಿಗೆ ರವಣಪ್ಪ ತನ್ನದೊಂದನ್ನು ಶುರುಮಾಡುತ್ತಿದ್ದ.

"ಕುದಿತೈತೆ ನೀರು, ಒಳಗವ್ನೆ ಯಾರು?" ಎಂಬುದು ಅವನ ಹಾಡುಗಳಲ್ಲೆಲ್ಲ ದೊಡ್ಡದು. ಗೂಡು ಕಟ್ಟಿ ಒಳಗೆ ಮಲಗಿದ ಹುಳವನ್ನು ನೂಲಿಗಾಗಿ ಬಿಸಿನೀರಿಗೆ ಹಾಕುತ್ತಾರಲ್ಲ, ಆ ಹುಳದ ಕೂಗು ಅದು. ಬಯ್ಯಪ್ಪನ ಶೆಡ್ಡಿನಲ್ಲಿ ದಿನವೂ ನಡೆಯುತ್ತಿದ್ದದ್ದನ್ನೇ ಅವನು ಹಾಡು ಮಾಡಿದ್ದ. ಕೊನೆಯ "ಯಾರು" ಎಂಬುದನ್ನು ಎಳೆದೆಳೆದು, ಉಸಿರು ಇನ್ನೇನು ಮುಗಿಯಿತು ಎಂಬಲ್ಲಿ ಒಂದು ಸಣ್ಣ ಬಿಕ್ಕಿನಂತೆ ಗಾಳಿಯನ್ನು ಒಳಕ್ಕೆ ಸೆಳೆದು, ಮತ್ತೆ ಮೇಲಕ್ಕೇರಿಸುತ್ತಿದ್ದ. ಗೂಡಿನ ವ್ಯಾಪಾರವನ್ನೇ ಉಸಿರಾಡುವ ಆ ಊರಿನಲ್ಲಿ ಹೀಗೊಂದು ಹಾಡು ಹಾಡಿಯೂ ಏಟು ತಿನ್ನದೆ ಉಳಿದದ್ದು ಅವನ ಪುಣ್ಯ.

ಒಮ್ಮೆ ನಂದಿಯ ಹತ್ತಿರದ ಹಳ್ಳಿಯೊಂದರಲ್ಲಿ, ಗಣೇಶನ ಮುಂದೆ, ಮಧ್ಯಾಹ್ನದ ಹೊತ್ತು ಇದೇ ಹಾಡು ಮೇಲಕ್ಕೇರಿತ್ತು. ಜನ ಎದ್ದು ಹೋಗದೆ ಕುಳಿತಿದ್ದ ಅಪರೂಪದ ದಿನ. ಅಷ್ಟರಲ್ಲಿ ಊರಿನ ಹಿರಿಯ ಚೆನ್ನರಾಯಪ್ಪ ಹೆಗಲ ಟವಲು ಬೀಸುತ್ತ ಓಡಿಬಂದ. "ಏಮಿರಾ ಈ ಗೋಲ, ಏನ್ರೋ ಈ ಗಲಾಟೆ! ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಿಟ್ಟಿದ್ದೀವಿ, ಬೆದರ್ಕಂಡ್ರೆ ಯಾರಪ್ಪ ಜವಾಬ್ದಾರಿ?" ಎಂದ. ರವಣಪ್ಪ ಅರ್ಧ ಕೂಗಿನಲ್ಲೇ ಬಾಯಿ ಮುಚ್ಚಿ, ಕೈಮುಗಿದು, ವೈರು ಕಿತ್ತು ಸುತ್ತತೊಡಗಿದ. ಬಯ್ಯಪ್ಪನಿಗೆ ಮೈಯೆಲ್ಲ ಉರಿಯಿತು. ಒಮ್ಮೆಯಾದರೂ ಜನ ಕೇಳುತ್ತಿದ್ದರಲ್ಲ! ವ್ಯಾನಿನಲ್ಲಿ ಕುಳಿತು ಬಾಯಿಗೆ ಬಂದಂತೆ ಅಂದ. "ಅವು ಗೂಡು ಕಟ್ಟೋವಾಗ ಕೂಗ್ಬಾರ್ದು ಕಣೋ. ಇರ್ಲಿ ಬುಡು" ಎಂದಷ್ಟೇ ಅಂದ ರವಣಪ್ಪ, ಕಿಟಕಿಯತ್ತ ತಿರುಗಿ ಕುಳಿತ. ಅವನ ಮನೆಯಲ್ಲೂ ಹುಳವಿತ್ತು.

ಹಟವೇ ಇಲ್ಲದವನೆಂದು ಇದರಿಂದ ತಿಳಿಯಬಾರದು. ಒಂದು ವಿಷಯದಲ್ಲಿ ಅವನು ಉಡ. ಪ್ರತಿ ಕಾರ್ಯಕ್ರಮವನ್ನೂ ಮೈಕಿನವನಿಂದ ಕ್ಯಾಸೆಟ್ಟಿಗೆ ಹಿಡಿಸಿ ಮನೆಗೆ ಒಯ್ಯುತ್ತಿದ್ದ; ಆದರೆ ಒಂದನ್ನಾದರೂ ಯಾರಿಗೂ ಕಾಪಿ ಮಾಡಿಕೊಳ್ಳಲು ಕೊಡುತ್ತಿರಲಿಲ್ಲ. "ಕಾಪಿ ಮಾಡಿದ್ರೆ ಅದ್ರ ಜೀವ ಹೋಗ್ಬುಡ್ತದೆ. ಒಂದಿನ ಎಲ್ಲಾ ಸೇರ್ಸಿ ದೊಡ್ಡದಾಗಿ ಮಾಡಣ" ಎನ್ನುತ್ತಿದ್ದ. ಬಯ್ಯಪ್ಪನೇ ಕೇಳಿದರೂ ಇದೇ ಉತ್ತರ. ಆ ಒಂದು ದಿನಕ್ಕಾಗಿ ಹದಿನೈದು ವರ್ಷ ಕ್ಯಾಸೆಟ್ಟುಗಳು ಮನೆ ತುಂಬುತ್ತ ಹೋದವು.

ಅವುಗಳನ್ನು ಕಾಯ್ದವಳು ಹೆಂಡತಿ ಗಂಗುಲಮ್ಮ. ಆಕೆಗೆ ಗಂಡನ ಸಂಗೀತದ ಮೇಲೆ ಅಂಥ ಗೌರವವೇನೂ ಇರಲಿಲ್ಲ. ಬೆಳಗಿನ ಜಾವ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ಅವನು ಗಂಟಲು ಬಿಚ್ಚಿದರೆ, "ನಮ್ ತೋಟಕ್ಕೆ ಕಾಗೆ ಓಡ್ಸೋಕೆ ಆಳೇ ಬೇಡ ಕಣಮ್ಮ" ಎಂದು ಪಕ್ಕದ ಸಾಲಿನ ಹೆಂಗಸಿಗೆ ಹೇಳಿ ನಗುತ್ತಿದ್ದಳು. ಅವನ ಕಾರ್ಯಕ್ರಮ ನೋಡಲು ಹೋದವಳೂ ಅಲ್ಲ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಲ್ಲ, ಮನೆ ಬಿಟ್ಟು ಕದಲುವಂತಿರಲಿಲ್ಲ. ಆದರೆ ಅಟ್ಟದಲ್ಲಿಟ್ಟ ಕ್ಯಾಸೆಟ್ಟೊಂದನ್ನು ಇಲಿ ಕಡಿದು ಗಂಡ ಎರಡು ಹೊತ್ತು ಊಟ ಬಿಟ್ಟಾಗ, ಉಳಿದವನ್ನೆಲ್ಲ ಮಡಿಲಲ್ಲಿ ತುಂಬಿಕೊಂಡು ಹೋಗಿ ಹುಳ ಸಾಕುವ ಮನೆಯಲ್ಲಿಟ್ಟಳು. ಆ ಸೀಮೆಯ ಹೆಣ್ಣುಮಕ್ಕಳಿಗೆ ಹುಳದ ಮನೆಗಿಂತ ಭದ್ರವಾದ ಜಾಗ ಭೂಮಿಯ ಮೇಲಿಲ್ಲ. ಅಲ್ಲಿಗೆ ಚಪ್ಪಲಿ ಬರಬಾರದು, ಹೊರಗಿನವರು ಬರಬಾರದು; ಇರುವೆ ಹತ್ತದಂತೆ ಹುಳದ ತಟ್ಟೆಗಳ ಸ್ಟ್ಯಾಂಡಿನ ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಾರೆ. ಎಲ್ಲಕ್ಕೂ ಮೇಲಿನ ಬಿದಿರು ತಟ್ಟೆಯಲ್ಲಿ ಕಾಗದ ಹಾಸಿ, ಕ್ಯಾಸೆಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಿ, ತೆಳುಬಟ್ಟೆ ಹೊದಿಸಿದಳು. ಹುಳಕ್ಕೆ ಒಳ್ಳೆಯದಾದದ್ದು ಹಾಡಿಗೂ ಒಳ್ಳೆಯದೇ ಎಂಬುದು ಆಕೆಯ ಲೆಕ್ಕ.

ತೊಂಬತ್ತಾರರಲ್ಲಿ ರವಣಪ್ಪನ ಗಂಟಲು ಕಟ್ಟಿತು. ಶುಂಠಿ, ಮೆಣಸು, ಜೇನು ಎಲ್ಲ ಆಯಿತು. ಬೆಂಗಳೂರಿನ ಡಾಕ್ಟರು ಗಡ್ಡೆಯಿದೆಯೆಂದರು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು, ಆಮೇಲೆ ಮಾತು ಬಾರದೆಂದರು. ಶೆಡ್ಡಿನ ಕಟ್ಟೆಯ ಮೇಲೆ ಕುಳಿತು ರವಣಪ್ಪ ಈ ಸುದ್ದಿ ಹೇಳಿದಾಗ ಅವನ ದನಿ ಆಗಲೇ ಒಡೆದ ಮಡಕೆಯಂತಾಗಿತ್ತು. ಹೊಸದಾಗಿ ಹಾಡಿಸುವ ಮಾತೇ ಇರಲಿಲ್ಲ. ಬಯ್ಯಪ್ಪನೇ ಸಮಾಧಾನಕ್ಕೆಂಬಂತೆ ಅಂದ: "ಹದಿನೈದು ವರ್ಷದ್ದು ನಿನ್ ತಾವ ಐತಲ್ಲೋ. ಒಳ್ಳೊಳ್ಳೇವು ಆರಿಸಿ ಒಂದೇ ಕ್ಯಾಸೆಟ್ಟಿಗೆ ಹಾಕಣ. ನಿನ್ ಗಂಟ್ಲು ಎಲ್ಲಿಗೂ ಹೋಗಲ್ಲ." ಆ ದಿನ ರವಣಪ್ಪನ ಮುಖ ಅರಳಿದ್ದನ್ನು ಬಯ್ಯಪ್ಪ ಕೊನೆಯವರೆಗೂ ಮರೆಯಲಿಲ್ಲ.

ಗಂಗುಲಮ್ಮ ಕ್ಯಾಸೆಟ್ಟುಗಳನ್ನು ಸೀರೆಯ ಗಂಟಿನಲ್ಲಿ ಕಟ್ಟಿ ಕೈಗಿತ್ತಳು. "ಒಂದ್ಕಾದ್ರೂ ಇಲಿ ಹಲ್ಲು ತಾಗಿದ್ರೆ ಕೇಳಿ" ಎಂದಳು ಹೆಮ್ಮೆಯಿಂದ. ಗೆಳೆಯರಿಬ್ಬರೂ ಚಿಕ್ಕಬಳ್ಳಾಪುರದ ರೆಕಾರ್ಡಿಂಗ್ ಅಂಗಡಿಗೆ ಹೋದರು. ಮೊದಲನೆಯದನ್ನು ಹಾಕಿದಾಗ ಕುಕ್ಕರಿನ ಆವಿಯಂತೆ 'ಸ್' ಎಂಬ ಸದ್ದು, ಅದರ ಅಡಿಯಲ್ಲೆಲ್ಲೋ ಡ್ರಮ್ಮಿನ ಗುದ್ದು, ಆಮೇಲೆ ಕೀರಲು. ಎರಡನೆಯದು ಒಂದು ಸುತ್ತು ತಿರುಗಿ ಅಂಟಿಕೊಂಡಿತು. ಮೂರನೆಯದನ್ನು ತೆಗೆದಾಗ ಯಂತ್ರದ ತಲೆಗೆ ಕಂದು ಪುಡಿ ಮೆತ್ತಿತ್ತು. ಅಂಗಡಿಯವನು ಸ್ಪಿರಿಟ್ಟಿನಲ್ಲಿ ಒರೆಸುತ್ತ, ಮತ್ತೊಂದು ಹಾಕುತ್ತ, ಮತ್ತೆ ಒರೆಸುತ್ತ ಹೋದ. ಗಂಟಿನಲ್ಲಿದ್ದವೆಲ್ಲ ಹಾಗೇ ಇದ್ದವು. ಬಯ್ಯಪ್ಪ ಒಂದನ್ನು ಮೂಗಿನ ಬಳಿ ಹಿಡಿದು ಹುಬ್ಬು ಗಂಟಿಕ್ಕಿದ. "ಇದೇನೋ ಇದು, ಫಾರ್ಮಲಿನ್ ವಾಸ್ನೆ!"

ಪ್ರತಿ ಬೆಳೆಗೂ ಮೊದಲು ಹುಳದ ಮನೆಯ ಬಾಗಿಲು ಕಿಟಕಿ ಮುಚ್ಚಿ, ರೋಗ ತಗಲದಿರಲೆಂದು ಫಾರ್ಮಲಿನ್ ಹೊಡೆಯುತ್ತಾರೆ. ಒಳಹೋದರೆ ಕಣ್ಣು ಉರಿದು ನೀರು ಸುರಿಯುತ್ತದೆ. ಬೇಸಗೆಯಲ್ಲಿ ತಂಪಿಗೆಂದು ಒದ್ದೆ ಗೋಣಿ ಕಟ್ಟುತ್ತಾರೆ, ಚಳಿಗೆ ಕೆಂಡ ಇಡುತ್ತಾರೆ. ಗಂಗುಲಮ್ಮ ಇದರಲ್ಲಿ ಒಂದನ್ನೂ ಒಂದು ಬೆಳೆಗೂ ತಪ್ಪಿಸಿದವಳಲ್ಲ. ಆಕೆಯ ಶುಚಿಯೇ ಗಂಡನ ದನಿಯನ್ನು ಬೆಳೆಬೆಳೆಗೂ ಸ್ವಲ್ಪಸ್ವಲ್ಪವಾಗಿ ತಿಂದುಹಾಕಿತ್ತು. ಇದು ಬಯ್ಯಪ್ಪನಿಗೆ ಹೊಳೆಯುವಷ್ಟರಲ್ಲಿ ರವಣಪ್ಪನಿಗೆ ಹೊಳೆದಾಗಿತ್ತು. ಅವನು ಕ್ಯಾಸೆಟ್ಟನ್ನು ಗೆಳೆಯನ ಕೈಯಿಂದ ಕಿತ್ತುಕೊಂಡು ಗಂಟಿಗೆ ಹಾಕಿ, ಗಂಟು ಬಿಗಿದ.

"ಅವ್ಳಿಗೆ ಹೇಳ್ಬ್ಯಾಡ."

"ಏನ್ ಹೇಳ್ಬ್ಯಾಡ್ವೋ? ನಿನ್ ಜೀವ್ಮಾನನೇ ಹೋಯ್ತಲ್ಲೋ!"

"ನಂದು ಹೋಯ್ತು. ಗೊತ್ತಾದ್ರೆ ಅವ್ಳೂ ಹೋಗ್ತಾಳೆ ಕಣೋ."

ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು ಬಯ್ಯಪ್ಪ ಬಿಕ್ಕಿಬಿಕ್ಕಿ ಅತ್ತ. ರವಣಪ್ಪ ಅಳಲಿಲ್ಲ; ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಿದ್ದ. ಮನೆಗೆ ಹೋದೊಡನೆ ಗಂಗುಲಮ್ಮ ಸೊಪ್ಪಿನ ಕೈಯಲ್ಲೇ ಹೊರಬಂದು "ಬಂದ್ವಾ ಹಾಡು?" ಎಂದಳು. "ಬಂದ್ವು. ಎಲ್ಲಾ ಚೆನ್ನಾಗವೆ" ಎಂದ. ಹೇಳಿಯಾದ ಮೇಲೆ ಆ ಸುಳ್ಳಿಗೊಂದು ಕ್ಯಾಸೆಟ್ಟು ಬೇಕಾಯಿತು.

ಆಪರೇಷನ್ನಿಗೆ ಮೊದಲು ಉಳಿದ ದಿನಗಳನ್ನು ಅವನು ಕಳೆದದ್ದು ಬಯ್ಯಪ್ಪನ ಶೆಡ್ಡಿನಲ್ಲಿ. "ನನ್ನಂಗೇ ಕೂಗು" ಎಂದು ಅವನನ್ನು ಎದುರು ನಿಲ್ಲಿಸಿಕೊಂಡ. ಮಾತಾಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಇವನು ಉಳಿದಿದ್ದ ದನಿಯ ಚೂರುಪಾರನ್ನೆಲ್ಲ ಗೆಳೆಯನಿಗೆ ಕಲಿಸುವುದಕ್ಕೆ ಖರ್ಚು ಮಾಡಿದ. ಬಯ್ಯಪ್ಪನ ಹೊಟ್ಟೆಯ ಮೇಲೆ ಅಂಗೈಯೂರಿ ಎಲ್ಲಿಂದ ಎತ್ತಬೇಕೆಂದು ತೋರಿಸುತ್ತಿದ್ದ, ತಪ್ಪಿದರೆ ತಲೆಯ ಮೇಲೊಂದು ಮೊಟಕುತ್ತಿದ್ದ. ಡ್ರಮ್ಮು ಬಿಟ್ಟು ಬೇರೇನೂ ಅರಿಯದ ನಲವತ್ತರ ಹತ್ತಿರದ ಗಂಡಸು ಗಂಟಲು ಕಿತ್ತುಬರುವಂತೆ ಕೂಗುತ್ತ, ಮಧ್ಯೆ ಅಳುತ್ತ, ಮತ್ತೆ ಕೂಗುತ್ತ ಕಲಿತ.

ರವಣಪ್ಪ ಆಸ್ಪತ್ರೆಯಲ್ಲಿದ್ದಾಗ ಉಳಿದ ಮೂವರು ಸೇರಿ ಹಾಡುಗಳನ್ನೆಲ್ಲ ಹೊಸದಾಗಿ ಹಿಡಿಸಿದರು. 'ದುರ್ಗ: ಹದಿನೈದು ವರ್ಷ' ಎಂದು ಹೊದಿಕೆ ಅಚ್ಚಾಯಿತು, ಹಾಡಿದವರು ವೆಂಕಟರವಣಪ್ಪ ಎಂದೇ ಅಚ್ಚಾಯಿತು. ಕುತ್ತಿಗೆಯಲ್ಲಿ ಉಸಿರಿನ ರಂಧ್ರ, ಅದರ ಮೇಲೊಂದು ಬಿಳಿ ಬಟ್ಟೆಯೊಡನೆ ಅವನು ಮನೆಗೆ ಬಂದ ವಾರದಲ್ಲಿ, ನಡುಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಬಯ್ಯಪ್ಪ ಗುಂಡಿ ಒತ್ತಿದ. ಗಂಗುಲಮ್ಮ ಕಂಬಕ್ಕೊರಗಿ ಕುಳಿತಳು. ಹುಳದ ಹಾಡು ಬಂತು. "ಯಾರು" ಎಂಬ ಕೂಗು ಏರಿತು, ಏರಿ ನಿಂತಿತು. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಕಣ್ಣರಳಿಸಿ, ಹೇಗಿದೆ ಎಂಬಂತೆ ತಲೆಯೆತ್ತಿದ.

"ನಿಮ್ ಗಂಟ್ಲು ಹಂಗಂಗೇ ಐತೆ ಕಣ್ರೀ" ಎಂದಳು ಆಕೆ. "ನಿಮ್ಮನ್ನೇ ಮುಂದೆ ಕೂರ್ಸಿ ಹಾಡ್ಸಿದಂಗೈತೆ."

ಅವನು ನಕ್ಕ. ಕಣ್ಣಲ್ಲಿ ನೀರಿತ್ತು, ಆದರೂ ಗೆದ್ದವನ ನಗು ಅದು. ಆಮೇಲೆ ಪ್ರತಿ ಸಂಜೆ, ಹುಳಕ್ಕೆ ಸೊಪ್ಪು ಹಾಕಿ ಕೈತೊಳೆದು ಬಂದು, ಆಕೆಯೇ ಗುಂಡಿ ಒತ್ತುತ್ತಿದ್ದಳು. ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ಬಯ್ಯಪ್ಪನ ಕೂಗನ್ನು ಕೇಳುತ್ತಿದ್ದರು.

ಕೆಲವು ತಿಂಗಳ ನಂತರ ಬಯ್ಯಪ್ಪ ಗೂಡು ಕೊಳ್ಳಲು ಅವರ ಮನೆಗೆ ಹೋಗಿದ್ದ. ರವಣಪ್ಪ ತೋಟದಲ್ಲಿದ್ದ. ಗಂಗುಲಮ್ಮ ಕಾಫಿಯ ಲೋಟ ಮುಂದಿಟ್ಟು, ಹೋಗದೆ ಅಲ್ಲೇ ನಿಂತಳು.

"ಚೆನ್ನಾಗ್ ಹಾಡಿದ್ದೀಯ ಬಯ್ಯಪ್ಪ."

ಅವನು ಲೋಟ ಕೆಳಗಿಟ್ಟ.

"ಕೊನೇಲಿ ಅವ್ರು ಉಸ್ರು ಒಳಕ್ಕೆ ಎಳ್ಕಂತಿದ್ರು, ಮಗು ಬಿಕ್ಕಿದಂಗೆ. ಅದು ನಿಂಗೆ ಬಂದಿಲ್ಲ. ದಿನಾ ಬೆಳಿಗ್ಗೆ ತೋಟದಾಗೆ ಕೇಳ್ದೋಳು ನಾನು, ನಂಗೆ ಗೊತ್ತಾಗಲ್ವ?" ಹುಳದ ಮನೆಯ ಬಾಗಿಲತ್ತ ತಿರುಗಿದಳು. "ಗಂಟು ತಿರ್ಗಿ ಬಂದಾಗ ಬಿಚ್ಚಿ ನೋಡ್ದೆ. ಆ ವಾಸ್ನೆ ನನ್ ಕೈಯಾಗಿನ್ದೇ ಅಲ್ವೇನಪ್ಪ? ನಾನೇ ತಿಂದ್ಬುಟ್ಟೆ ಅವ್ರ ಹಾಡ್ನ."

ಬಯ್ಯಪ್ಪ ಏನೋ ಹೇಳಹೋದ. ಆಕೆ ಕೈಯೆತ್ತಿ ತಡೆದಳು. "ಅವ್ರಿಗೆ ಹೇಳ್ಬ್ಯಾಡ. ನಂಗೆ ಗೊತ್ತಾಗಿಲ್ಲ ಅಂತ ನೆಮ್ದಿಯಾಗವ್ರೆ."

ತೊಂಬತ್ತೊಂಬತ್ತರಲ್ಲಿ ರವಣಪ್ಪ ತೀರಿಕೊಂಡ. ಹೆಂಡತಿಗೆ ಗೊತ್ತಿದೆಯೆಂಬುದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ. ಇಬ್ಬರ ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಬಯ್ಯಪ್ಪ ಆಮೇಲೆ ಡ್ರಮ್ಮಿನ ಕೋಲು ಮುಟ್ಟಲಿಲ್ಲ.

ಗಟ್ಟಿಯಾಗಿ ಕೂಗುವವರನ್ನು ಕಂಡರೆ ಒರಟರೆಂದು ನಾವು ಬಗೆಯುತ್ತೇವೆ; ಅಷ್ಟು ಸದ್ದು ಮಾಡುವ ಎದೆಯಲ್ಲಿ ಮೃದುವಾದುದಕ್ಕೆ ಜಾಗವೆಲ್ಲಿ ಎಂದುಕೊಳ್ಳುತ್ತೇವೆ. ಆ ಜಾತಿಯ ಜನರನ್ನು ನಾವು ಅವರ ಮನೆಯೊಳಗೆ ಹೋಗಿ ನೋಡಿರುವುದಿಲ್ಲ. ಆಯುಷ್ಯದ ಗಳಿಕೆಯೆಲ್ಲ ಯಾರ ಕೈಯಿಂದ ಹಾಳಾಯಿತೋ ಅದೇ ಕೈಯಿಂದ ಬಡಿಸಿಕೊಂಡು, ಉಣ್ಣಲಾರದ ಗಂಟಲಿನಲ್ಲಿ ಉಂಡು, ಸಾರು ಚೆನ್ನಾಗಿದೆಯೆಂದು ತಲೆಯಾಡಿಸಿ, ಅವರು ಎದ್ದು ಹೋಗಿಬಿಡುತ್ತಾರೆ.